ಆಟಗಾರರಿಗೆ ಅಂಕದ ರಿಯಾಯಿತಿ: ಐವಿ ಲೀಗ್ ಹಾಕುವ ಲೆಕ್ಕ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ದಾವಣಗೆರೆ ಕಡೆಯವರು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗ ಹನ್ನೆರಡನೇ ತರಗತಿ. ಕಾಲೇಜು ಪ್ರವೇಶ ಪರೀಕ್ಷೆ ಸ್ಯಾಟ್‌ನಲ್ಲಿ 1600ಕ್ಕೆ 1550, ಎಲ್ಲ ವಿಷಯದಲ್ಲೂ ಎ ಗ್ರೇಡ್. ಡಿಸೆಂಬರ್‌ನಲ್ಲಿ ಒಂದು ಐವಿ ಲೀಗ್ ಕಾಲೇಜು ಅವನ ಅರ್ಜಿಯನ್ನು ಡೆಫರ್ ಮಾಡಿತು, ಅಂದರೆ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಅವನ ಕ್ಲಾಸ್‌ಮೇಟ್ ಒಬ್ಬ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ) ಆಡುತ್ತಾನೆ, ಸ್ಯಾಟ್ 1380. ಅವನಿಗೆ ಅದೇ ಕಾಲೇಜಿನಿಂದ ಅಕ್ಟೋಬರ್‌ನಲ್ಲೇ ಪತ್ರ ಬಂತು. ಆಟಗಾರರಿಗೆ ಓದಿನ ಮಟ್ಟ ಅಂತ ಒಂದು ಇದೆಯಾ, ಇಲ್ಲವಾ? ಇದ್ದರೆ ರಿಯಾಯಿತಿ ಎಷ್ಟು? ಏಳನೇ ತರಗತಿಯ ಮಗಳನ್ನು ಈಗಲೇ ಫೆನ್ಸಿಂಗ್‌ಗೆ (ಕತ್ತಿವರಸೆ) ಸೇರಿಸೋಣ ಅನ್ನುತ್ತಿದ್ದಾಳೆ ನನ್ನ ಹೆಂಡತಿ. ಸೇರಿಸಬೇಕಾ?

ಉತ್ತರ: ಆ ಹುಡುಗನಿಗೆ ಬಂದದ್ದಕ್ಕೆ ಲೈಕ್ಲಿ ಲೆಟರ್ ಎನ್ನುತ್ತಾರೆ. ಸೀಟು ಕೊಟ್ಟಿದ್ದೇವೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಗ್ರೇಡು ಬೀಳಿಸಿಕೊಳ್ಳದೆ, ಯಾವ ಗಲಾಟೆಗೂ ಸಿಕ್ಕಿಕೊಳ್ಳದೆ ಇದ್ದರೆ ಸೀಟು ಸಿಗುತ್ತದೆ ಎಂಬ ಧಾಟಿಯಲ್ಲಿ ಇರುತ್ತದೆ. ಅಕ್ಟೋಬರ್ 1ಕ್ಕೆ ಮೊದಲು ಇಂಥ ಪತ್ರ ಕಳಿಸುವಂತಿಲ್ಲ ಎಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್‌ನ ಎಂಟೂ ಕಾಲೇಜುಗಳು ಒಪ್ಪಂದ ಮಾಡಿಕೊಂಡಿವೆ. ಆದರೆ ಪತ್ರ ಕೈಗೆ ಬರುವ ಹೊತ್ತಿಗೆ ಕೆಲಸ ಮುಗಿದು ಎಷ್ಟೋ ದಿನವಾಗಿರುತ್ತದೆ. ಅವನ ಗ್ರೇಡು, ಸ್ಯಾಟ್ ಅಂಕ ಎಲ್ಲ ಬೇಸಿಗೆ ರಜೆಯಲ್ಲೇ ಅಡ್ಮಿಷನ್ ಆಫೀಸಿನ ಮೇಜಿಗೆ ಹೋಗಿ ಬಂದಿರುತ್ತವೆ.

ಓದಿನ ಮಟ್ಟ ಇದೆ. ಬಾಯಿಮಾತಿನದಲ್ಲ, ಕೂಡಿ ಕಳೆದು ಹಾಕುವ ಲೆಕ್ಕವೇ ಇದೆ. ನಮ್ಮವರು ಎಡವುವುದು ಒಂದೇ ಕಡೆ. ಸಿಇಟಿ ಕಟ್ ಆಫ್ ನೋಡಿ ಬೆಳೆದ ನಮಗೆ ಮಟ್ಟ ಎಂದರೆ ಒಬ್ಬೊಬ್ಬ ವಿದ್ಯಾರ್ಥಿಯೂ ದಾಟಬೇಕಾದ ಗೆರೆ. ಇಲ್ಲಿ ನಿಜವಾಗಿ ಬಿಗಿಯಾಗಿರುವ ಗೆರೆ ಒಬ್ಬ ಹುಡುಗನಿಗೆ ಎಳೆದದ್ದಲ್ಲ, ಆ ವರ್ಷ ತೆಗೆದುಕೊಳ್ಳುವ ಆಟಗಾರರ ಸರಾಸರಿಗೆ ಎಳೆದದ್ದು. ನಿಮ್ಮ ಮಗನ ಸ್ನೇಹಿತನ 1380 ಅನ್ನು ಒಂಟಿಯಾಗಿ ನೋಡಿದರೆ ಅರ್ಥವಾಗುವುದಿಲ್ಲ. ಅವನ ಜೊತೆಗೆ ಅದೇ ತಂಡಕ್ಕೆ ಸೇರಿದವರ ಅಂಕಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಐವಿ ಲೀಗ್ ಹುಟ್ಟಿದ್ದೇ ಕ್ರೀಡಾ ಒಪ್ಪಂದವಾಗಿ. 1945ರಲ್ಲಿ ಫುಟ್‌ಬಾಲ್‌ಗೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಮಾತ್ರ ಇದ್ದ ಒಪ್ಪಂದ 1954ರಲ್ಲಿ ಎಲ್ಲ ಆಟಗಳಿಗೂ ವಿಸ್ತರಿಸಿತು. ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಮಾತ್ರ ನೆರವು ಎಂಬ ನಿಯಮ ಆಗಿನಿಂದ ಇವತ್ತಿನವರೆಗೂ ಉಳಿದಿದೆ. 2025ರಲ್ಲಿ ಕೋರ್ಟ್ ಒಪ್ಪಂದವೊಂದರ ಮೂಲಕ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಲು ಶುರು ಮಾಡಿದಾಗಲೂ ಈ ಎಂಟು ಕಾಲೇಜುಗಳು ಅದರಿಂದ ದೂರ ಉಳಿದವು. ದುಡ್ಡು ಕೊಡುವಂತಿಲ್ಲ ಎಂದಾದ ಮೇಲೆ ಕೋಚ್ ಕೊಡಬಹುದಾದದ್ದು ಒಂದೇ: ಅಡ್ಮಿಷನ್. ಹಾಗಾಗಿ ಪಕ್ಕದ ಕಾಲೇಜಿನವರು ಅಂಕವಿಲ್ಲದವರನ್ನು ಒಳಗೆ ಬಿಟ್ಟುಕೊಂಡು ಕಪ್ ಗೆಲ್ಲುತ್ತಿದ್ದಾರೆ ಎಂಬ ಅನುಮಾನ ಎಂಟಕ್ಕೂ ಇತ್ತು. ಒಬ್ಬರ ಮೇಲೊಬ್ಬರು ಕಣ್ಣಿಡಲು 1980ರ ದಶಕದಲ್ಲಿ ಅವರು ಮಾಡಿಕೊಂಡ ಸೂತ್ರವೇ ಅಕಡೆಮಿಕ್ ಇಂಡೆಕ್ಸ್. ಕೋಚ್‌ಗಳು ಚಿಕ್ಕದಾಗಿ 'ಎಐ' ಎನ್ನುತ್ತಾರೆ (ಈಗ ಎಲ್ಲರ ಬಾಯಲ್ಲಿರುವ ಎಐ ಬೇರೆ, ಗಾಬರಿಯಾಗಬೇಡಿ).

ಹಲವು ವರ್ಷ ಚಾಲ್ತಿಯಲ್ಲಿದ್ದ ರೂಪದಲ್ಲಿ ಅದು 60ರಿಂದ 240ರವರೆಗಿನ ಅಳತೆ. ಮೂರರಲ್ಲಿ ಎರಡು ಪಾಲು ಪರೀಕ್ಷೆಯ ಅಂಕ, ಒಂದು ಪಾಲು ಶಾಲೆಯ ಗ್ರೇಡು ಅಥವಾ ರ‍್ಯಾಂಕು. ಸ್ಯಾಟ್ ಸಬ್ಜೆಕ್ಟ್ ಟೆಸ್ಟ್‌ಗಳು 2021ರಲ್ಲಿ ನಿಂತುಹೋದವು, ಶಾಲೆಗಳೂ ರ‍್ಯಾಂಕು ಕೊಡುವುದನ್ನು ಬಿಡುತ್ತ ಬಂದವು, ಹಾಗಾಗಿ ಸೂತ್ರವನ್ನು ತಿದ್ದಿ ತೀಡುತ್ತಲೇ ಇದ್ದಾರೆ. ತಿರುಳು ಮಾತ್ರ ಹಳೆಯದೇ. ಯಾವ ಆಟಗಾರನೂ ಇದಕ್ಕಿಂತ ಕೆಳಗಿರಬಾರದು ಎಂಬ ತಳಮಟ್ಟ ಒಂದಿದೆ. ಅದು 171 ಇತ್ತು, 2011ರಲ್ಲಿ 176ಕ್ಕೆ ಏರಿಸಿದರು. ಸುಮಾರಾಗಿ ಹೇಳಬೇಕೆಂದರೆ ಬಿ ಗ್ರೇಡ್ ಜೊತೆಗೆ 1600ಕ್ಕೆ 1140ರ ಆಸುಪಾಸಿನ ಸ್ಯಾಟ್. ಇದನ್ನು ಕೇಳಿಸಿಕೊಂಡವರೇ ವಾಟ್ಸಾಪ್ ಗುಂಪುಗಳಲ್ಲಿ "ಆಟ ಗೊತ್ತಿದ್ದರೆ 1140 ಸಾಕಂತೆ" ಎಂದು ಹಬ್ಬಿಸುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎರಡನೇ ನಿಯಮವನ್ನು ಅವರು ಹೇಳುವುದಿಲ್ಲ: ಕಾಲೇಜು ತೆಗೆದುಕೊಳ್ಳುವ ಆಟಗಾರರ ಸರಾಸರಿ ಇಂಡೆಕ್ಸ್, ಆ ಕಾಲೇಜಿನ ಒಟ್ಟು ವಿದ್ಯಾರ್ಥಿಗಳ ಸರಾಸರಿಯಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಎಂಬ ಅಳತೆ) ಕೆಳಗೆ ಹೋಗಬಾರದು. ಕೋಚ್‌ನ ನಿದ್ದೆ ಕೆಡಿಸುವುದು ಈ ನಿಯಮ.

ಹೇಗೆಂದು ತೋರಿಸುತ್ತೇನೆ. ಇವು ನಾನೇ ಊಹಿಸಿದ ಅಂಕಿಗಳು. ಒಂದು ಸಣ್ಣ ತಂಡದ ಕೋಚ್ ಈ ವರ್ಷ ನಾಲ್ವರನ್ನು ತೆಗೆದುಕೊಳ್ಳಬಹುದು, ಅವರ ಸರಾಸರಿ 205 ಇರಬೇಕು ಎಂದು ಆಫೀಸು ಹೇಳಿದೆ ಎಂದಿಟ್ಟುಕೊಳ್ಳಿ. ಒಟ್ಟು 820. ರಾಜ್ಯಕ್ಕೇ ಹೆಸರಾದ ಫಾರ್ವರ್ಡ್ ಒಬ್ಬನಿದ್ದಾನೆ, ಅವನದು 184. ಒಳ್ಳೆಯ ಗೋಲ್‌ಕೀಪರ್ ಒಬ್ಬ, 196. ಇಬ್ಬರಿಗೇ 380 ಆಯಿತು. ಉಳಿದ ಇಬ್ಬರು ಸೇರಿ 440 ತರಬೇಕು. ಒಬ್ಬ 215, ಇನ್ನೊಬ್ಬ 225. 225 ಎಂದರೆ ಆಟವಿಲ್ಲದೆಯೂ ಅರ್ಜಿ ಗಟ್ಟಿಯಾಗಿ ನಿಲ್ಲುವಂಥ ಹುಡುಗ. ಕೋಚ್‌ಗೆ ಅವನ ಆಟ ಸಾಧಾರಣವಾದರೂ ಪರವಾಗಿಲ್ಲ, ಮೈದಾನಕ್ಕೆ ಇಳಿಯದೆ ಬೆಂಚಿನಲ್ಲಿ ಕೂತರೂ ಅವನ ಕೆಲಸ ಆಗಿಹೋಗಿದೆ, ಫಾರ್ವರ್ಡ್‌ನನ್ನು ಒಳಗೆ ತಂದದ್ದು ಅವನ ಅಂಕ. ಹೀಗೆ ಅಂಕ ನೋಡಿಯೇ ಹುಡುಗರನ್ನು ಹುಡುಕುವ ಕೋಚ್‌ಗಳು ಐವಿ ಲೀಗ್‌ನಲ್ಲಿ ಧಾರಾಳವಾಗಿದ್ದಾರೆ. ನಿಮ್ಮ ಮಗ 1550ರ ಜೊತೆ ತಕ್ಕಮಟ್ಟಿಗೆ ಲಕ್ರಾಸ್ ಆಡುವವನಾಗಿದ್ದರೆ ಅದೇ ಕೋಚ್ ಅವನಿಗೂ ಫೋನ್ ಮಾಡುತ್ತಿದ್ದ.

ಅಂದರೆ ರಿಯಾಯಿತಿ ಎಂಬುದು ಕೋಚ್ ಕೈಗೆ ಬರುವ ತಿಂಗಳ ಸಂಬಳದ ಹಾಗೆ. ಒಬ್ಬನ ಮೇಲೆ ಹೆಚ್ಚು ಖರ್ಚು ಮಾಡಿದರೆ ಇನ್ನೊಬ್ಬನ ಕಡೆ ಕೈ ಬಿಗಿ ಹಿಡಿಯಬೇಕು. ತಂಡದ ಐದನೇ, ಆರನೇ ಆಟಗಾರನಾಗಿ ಹೋಗುವ ಹುಡುಗನಿಗೆ ರಿಯಾಯಿತಿ ಸಿಗುವುದೇ ಇಲ್ಲ ಎನ್ನಬಹುದು. ಎಂಟು ಕಾಲೇಜುಗಳ ವಿದ್ಯಾರ್ಥಿ ಸರಾಸರಿಯೂ ಒಂದೇ ಅಲ್ಲವಾದ್ದರಿಂದ, ಒಂದು ಕಡೆ "ಆಗುವುದಿಲ್ಲ" ಎನಿಸಿಕೊಂಡವನು ಇನ್ನೊಂದು ಕಡೆ "ಬನ್ನಿ" ಎನಿಸಿಕೊಳ್ಳುತ್ತಾನೆ. ಫುಟ್‌ಬಾಲ್‌ಗೆ ಮಾತ್ರ ಲೆಕ್ಕ ಬೇರೆ. ವರ್ಷಕ್ಕೆ ಸರಾಸರಿ 30 ಜನ, ಅವರನ್ನು ಇಂಡೆಕ್ಸ್ ಪ್ರಕಾರ ಹಂತ ಹಂತವಾಗಿ ವಿಂಗಡಿಸಿ, ತೀರಾ ಕೆಳಗಿನ ಹಂತದಲ್ಲಿ ಬೆರಳೆಣಿಕೆಯ ಜನಕ್ಕಷ್ಟೇ ಅವಕಾಶ.

ಇದೆಲ್ಲ ನಡೆಯುವುದು ಪ್ರೀ ರೀಡ್ ಎಂಬ ಹಂತದಲ್ಲಿ. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಕೋಚ್ ಹುಡುಗನಿಂದ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ), ಪರೀಕ್ಷೆಯ ಅಂಕ, ಹನ್ನೆರಡರಲ್ಲಿ ತೆಗೆದುಕೊಳ್ಳುವ ವಿಷಯಗಳ ಪಟ್ಟಿ ಕೇಳಿ ತರಿಸಿಕೊಂಡು ಅಡ್ಮಿಷನ್ ಆಫೀಸಿಗೆ ಕಳಿಸುತ್ತಾನೆ. ನಾನು ಆ ಕಡೆಯ ಮೇಜಿನಲ್ಲಿ ಕೂತು ಫೈಲು ಓದಿದವಳು. ಪ್ರೀ ರೀಡ್ ಫೈಲಿನಲ್ಲಿ ಪ್ರಬಂಧ ಇರುವುದಿಲ್ಲ, ಶಿಫಾರಸು ಪತ್ರವೂ ಸಾಮಾನ್ಯವಾಗಿ ಇರುವುದಿಲ್ಲ. ನೋಡುವುದು ಎರಡು: ಅಂಕ ಎಷ್ಟು, ಮತ್ತು ಆ ಅಂಕ ಯಾವ ವಿಷಯಗಳಲ್ಲಿ ಬಂದದ್ದು. ಕಷ್ಟದ ವಿಷಯಗಳನ್ನು ಬಿಟ್ಟು ಸುಲಭದ ಕೋರ್ಸುಗಳಲ್ಲಿ ಎ ತೆಗೆದವನ ಫೈಲು ಅಲ್ಲೇ ಸಿಕ್ಕಿಬೀಳುತ್ತದೆ. ಉತ್ತರ ಹೋಗುವುದು ಟ್ರಾಫಿಕ್ ಸಿಗ್ನಲ್ ಬಣ್ಣಗಳಲ್ಲಿ. ಹಸಿರು ಬಂದರೆ ಕೋಚ್ ಮಾತು ಮುಂದುವರಿಸುತ್ತಾನೆ. ಹಳದಿ ಎಂದರೆ ಇನ್ನೊಮ್ಮೆ ಸ್ಯಾಟ್ ಬರೆಯಲಿ, ಗ್ರೇಡು ಏರಿಸಲಿ, ಆಮೇಲೆ ನೋಡೋಣ. ಕೆಂಪು ಎಂದರೆ ಕೋಚ್ ಆ ಹುಡುಗನ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾನೆ. ಕಾರಣ ಹೇಳುವ ಸೌಜನ್ಯ ಎಲ್ಲರಿಗೂ ಇರುವುದಿಲ್ಲ, ಅದೊಂದು ಈ ವ್ಯವಹಾರದ ಕೆಟ್ಟ ಭಾಗ.

ಇನ್ನು ರಿಯಾಯಿತಿ ಎಷ್ಟು ಎಂಬ ಪ್ರಶ್ನೆ. ಇದಕ್ಕೆ ಬಹಳ ಕಾಲ ಗಾಳಿಸುದ್ದಿಯೇ ಉತ್ತರವಾಗಿತ್ತು. ಹಾರ್ವರ್ಡ್ ವಿರುದ್ಧದ ಪ್ರಕರಣ 2018ರಲ್ಲಿ ವಿಚಾರಣೆಗೆ ಬಂದಾಗ ಮುಚ್ಚಿಟ್ಟ ಕಡತಗಳು ಹೊರಬಂದವು. ಏಷ್ಯನ್ ಅಮೆರಿಕನ್ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂದು ಹೂಡಿದ ಆ ಪ್ರಕರಣ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಮುಗಿದು, ಜನಾಂಗವನ್ನು ಪರಿಗಣಿಸಿ ಸೀಟು ಕೊಡುವ ಪದ್ಧತಿಗೇ ತೆರೆ ಬಿತ್ತು. ಆಟಗಾರರ ವಿಷಯವನ್ನು ಯಾರೂ ಮುಟ್ಟಲಿಲ್ಲ. ಆದರೆ ಅಂಕಿಅಂಶಗಳು ದಾಖಲೆಯಲ್ಲಿ ಉಳಿದವು. ಹಾರ್ವರ್ಡ್ ಪ್ರತಿ ಅರ್ಜಿಗೂ ಓದಿನಲ್ಲಿ 1ರಿಂದ 6ರವರೆಗೆ ದರ್ಜೆ ಹಾಕುತ್ತದೆ, 1 ಅತ್ಯುತ್ತಮ. ಓದಿನಲ್ಲಿ 4 ಪಡೆದ ಸಾಮಾನ್ಯ ಅರ್ಜಿದಾರರಲ್ಲಿ ಸಾವಿರಕ್ಕೆ ಒಬ್ಬರಿಗೂ ಸೀಟು ಸಿಕ್ಕಿರಲಿಲ್ಲ. ಅದೇ 4 ಪಡೆದ, ಕೋಚ್ ಕರೆದ ಆಟಗಾರರಲ್ಲಿ ಶೇ. 70ರಷ್ಟು ಜನರಿಗೆ ಸಿಕ್ಕಿತ್ತು. ಒಟ್ಟಾರೆ ನೋಡಿದರೆ ಕೋಚ್ ಆರಿಸಿದ ಆಟಗಾರರಲ್ಲಿ ಶೇ. 86 ಮಂದಿ ಒಳಗೆ ಬಂದಿದ್ದರು. ಅರ್ಜಿ ಹಾಕಿದವರಲ್ಲಿ ಅವರು ಶೇ. 1ಕ್ಕಿಂತ ಕಡಿಮೆ, ಸೀಟು ಪಡೆದವರಲ್ಲಿ ಶೇ. 10ಕ್ಕಿಂತ ಹೆಚ್ಚು.

ಆ 86ನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಪ್ರೀ ರೀಡ್‌ನಲ್ಲಿ ಕೆಂಪು ಬಿದ್ದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಏಕೆಂದರೆ ಅವರು ಕೋಚ್ ಪಟ್ಟಿಯಲ್ಲಿ ಅರ್ಜಿ ಹಾಕುವ ಹಂತಕ್ಕೇ ತಲುಪಿರುವುದಿಲ್ಲ. ಆದರೂ 4ನೇ ದರ್ಜೆಯವರ ಅಂಕಿಯನ್ನು ಮಾತಿನಿಂದ ಮುಚ್ಚಲಾಗದು. ರಿಯಾಯಿತಿ ಇದೆ, ಮತ್ತು ಕೆಲವರಿಗೆ ಅದು ಬಹಳ ದೊಡ್ಡದು.

ನೀವು ಕೇಳದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಟಿವಿಯಲ್ಲಿ ಕಾಣುವ ಫುಟ್‌ಬಾಲ್ ವಿಶ್ವವಿದ್ಯಾಲಯಗಳಲ್ಲಿ ಆಟಗಾರರ ಪ್ರಮಾಣ ಅಡ್ಮಿಷನ್ ಮೇಲೆ ಅಷ್ಟೇನೂ ಪರಿಣಾಮ ಬೀರುವುದಿಲ್ಲ. ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳ ನಡುವೆ ಐನೂರು ಆಟಗಾರರು ಎಲ್ಲಿ ಕಾಣುತ್ತಾರೆ? ಹೊರೆ ಬೀಳುವುದು ಸಣ್ಣ, ಹೆಸರಾಂತ ಕಾಲೇಜುಗಳ ಮೇಲೆ. ವಿಲಿಯಮ್ಸ್, ಆಮ್‌ಹರ್ಸ್ಟ್‌ನಂಥ ಕಡೆ ಇರುವುದೇ ಎರಡು ಸಾವಿರದಷ್ಟು ವಿದ್ಯಾರ್ಥಿಗಳು, ತಂಡಗಳು ಮಾತ್ರ ದೊಡ್ಡ ವಿಶ್ವವಿದ್ಯಾಲಯಗಳಷ್ಟೇ. ಪ್ರಿನ್ಸ್‌ಟನ್ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ 2001 ಮತ್ತು 2003ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಅಧ್ಯಯನಗಳ ಕಳವಳವೂ ಇದೇ. ಕೋಚ್ ಕರೆತಂದವರು ಕಡಿಮೆ ಅಂಕದೊಂದಿಗೆ ಒಳಗೆ ಬರುತ್ತಾರೆ ಎಂಬುದಷ್ಟೇ ಅವರ ದೂರಲ್ಲ. ಬಂದ ಮೇಲೆ, ತಮ್ಮ ಅಂಕದಿಂದ ನಿರೀಕ್ಷಿಸಬಹುದಾದಷ್ಟೂ ಸಾಧಿಸುವುದಿಲ್ಲ ಎಂಬುದು ಅವರು ಕಂಡದ್ದು. ಅಂದರೆ ಒಂದೇ ಅಂಕದ ಇಬ್ಬರಲ್ಲಿ ಕೋಚ್ ಆರಿಸಿದವನು ತರಗತಿಯಲ್ಲಿ ಹಿಂದೆ. ದಿನಕ್ಕೆ ಮೂರು ನಾಲ್ಕು ಗಂಟೆ ಅಭ್ಯಾಸ, ವಾರಾಂತ್ಯಕ್ಕೆ ಬಸ್ ಪ್ರಯಾಣ ಎಂದು ಸಮಜಾಯಿಷಿ ಕೊಡಬಹುದು. ಆದರೆ ಕೋಚ್ ಕರೆಯದೆ ತಾವಾಗಿ ತಂಡ ಸೇರಿದವರೂ ಅಷ್ಟೇ ಅಭ್ಯಾಸ ಮಾಡುತ್ತಾರೆ, ಅವರಲ್ಲಿ ಈ ಕುಸಿತ ಅಷ್ಟಾಗಿ ಇರಲಿಲ್ಲ. ಆ ಒಂದು ಹೋಲಿಕೆಯಿಂದಾಗಿ ಬೋವೆನ್ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಈ ಸಣ್ಣ ಕಾಲೇಜುಗಳ ಒಕ್ಕೂಟ ನೆಸ್ಕ್ಯಾಕ್. ಹನ್ನೊಂದು ಕಾಲೇಜುಗಳು, 1971ರಲ್ಲಿ ಶುರುವಾದದ್ದು. ಇಲ್ಲೂ ಸ್ಕಾಲರ್‌ಶಿಪ್ ಇಲ್ಲ, ಅಭ್ಯರ್ಥಿಗಳನ್ನು ಎ, ಬಿ, ಸಿ ಎಂದು ಓದಿನ ದರ್ಜೆಯಲ್ಲಿ ವಿಂಗಡಿಸಿ ಪ್ರತಿ ಕಾಲೇಜಿಗೂ ಇಷ್ಟು ಜನ ಎಂದು ಮಿತಿ ಹಾಕಿದ್ದಾರೆ. ಮುಚ್ಚುಮರೆಯಿಲ್ಲದೆ ಇದನ್ನು ಬರೆದು ಪ್ರಕಟಿಸಿದ್ದು ಆಮ್‌ಹರ್ಸ್ಟ್: ಕಳೆದ ದಶಕದ ಅದರ ವರದಿಯ ಪ್ರಕಾರ ಆಟವೇ ನಿರ್ಣಾಯಕವಾಗಿ ಸೀಟು ಪಡೆಯುವವರು ವರ್ಷಕ್ಕೆ 67ಕ್ಕೆ ಮೀರುವಂತಿಲ್ಲ.

ಎಂಐಟಿಯಲ್ಲಿ ಕೋಚ್ ಒಂದು ಒಳ್ಳೆಯ ಮಾತು ಬರೆಯಬಹುದು, ಸೀಟು ಕಾದಿರಿಸುವಂತಿಲ್ಲ. ಕ್ಯಾಲ್‌ಟೆಕ್ ಇನ್ನೂ ಬಿಗಿ. ಅದರ ಫಲವನ್ನೂ ಅವರು ಉಂಡಿದ್ದಾರೆ: ಅಲ್ಲಿನ ಪುರುಷರ ಬಾಸ್ಕೆಟ್‌ಬಾಲ್ ತಂಡ 1985ರಿಂದ ತನ್ನ ಲೀಗ್‌ನ 310 ಪಂದ್ಯಗಳನ್ನು ಒಂದರ ಹಿಂದೊಂದು ಸೋತು, 2011ರ ಫೆಬ್ರವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46-45ರಿಂದ ಸೋಲಿಸಿತು. ಒಂದೇ ಒಂದು ಅಂಕದಿಂದ! ಪ್ರೇಕ್ಷಕರು ಅಂಕಣಕ್ಕೇ ನುಗ್ಗಿದ್ದರು. ಓದಿನಲ್ಲಿ ರಿಯಾಯಿತಿ ಬೇಡ ಎನ್ನುವ ಕಾಲೇಜು ಇಷ್ಟಕ್ಕೂ ಸಿದ್ಧವಿರಬೇಕು. ಹಳೆಯ ವಿದ್ಯಾರ್ಥಿಗಳ ದೇಣಿಗೆಯನ್ನು ನೆಚ್ಚಿಕೊಂಡ ಕಾಲೇಜುಗಳಿಗೆ ಆ ಎದೆಗಾರಿಕೆ ಇಲ್ಲ.

ಒಳಗೆ ಬಂದ ಮೇಲಿನ ಮಟ್ಟ ಇನ್ನೊಂದು ಕಥೆ, ಚಿಕ್ಕದಾಗಿ ಹೇಳುತ್ತೇನೆ. ದೇಶದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಒಂದನೇ ಡಿವಿಷನ್‌ಗೆ ಕೇಳುವುದು 16 ಮೂಲ ವಿಷಯಗಳು ಮತ್ತು 4ಕ್ಕೆ 2.3 ಜಿಪಿಎ (ಗ್ರೇಡುಗಳ ಸರಾಸರಿ) ಮಾತ್ರ. ಸ್ಯಾಟ್ ಅಂಕದ ಷರತ್ತನ್ನು 2023ರಲ್ಲಿ ಕೈಬಿಟ್ಟಿತು. ತರಗತಿಯೊಳಗೆ ಏನು ನಡೆಯುತ್ತದೆ ಎಂದು ಅದು ಹೆಚ್ಚು ಕೆದಕುವುದಿಲ್ಲ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನ ವಿಶ್ವವಿದ್ಯಾಲಯದಲ್ಲಿ ಪಾಠವೇ ನಡೆಯದ, ಕೊನೆಗೊಂದು ಪೇಪರ್ ಕೊಟ್ಟರೆ ಎ ಸಿಗುವ ಕೋರ್ಸುಗಳು 18 ವರ್ಷ ನಡೆದಿದ್ದವು ಎಂದು 2014ರ ತನಿಖೆ ಹೇಳಿತು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಲ್ಲಿ ಅರ್ಧಕ್ಕರ್ಧ ಆಟಗಾರರು. ಆಟಗಾರರಲ್ಲದವರಿಗೂ ಆ ಕೋರ್ಸು ಸಿಗುತ್ತಿತ್ತಲ್ಲ ಎಂಬ ಕಾರಣಕ್ಕೆ 2017ರಲ್ಲಿ ಎನ್‌ಸಿಎಎ ಶಿಕ್ಷೆ ಕೊಡದೆ ಬಿಟ್ಟಿತು. ಇದರ ಮುಂದೆ ಐವಿ ಲೀಗ್‌ನ ಲೆಕ್ಕ ಎಷ್ಟೋ ಮೇಲು ಎಂದೇ ನನ್ನ ಅಭಿಪ್ರಾಯ.

ನ್ಯಾಯವೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಪ್ರಶ್ನೆಯ ತುಂಬ ಅದೇ ಇದೆ. ಆಟದಲ್ಲಿ ಹತ್ತು ವರ್ಷ ಬೆವರು ಸುರಿಸಿದ ಹುಡುಗನಿಗೆ ಅದರ ಬೆಲೆ ಸಿಗಬೇಕು, ಅದರಲ್ಲಿ ನನ್ನ ತಕರಾರಿಲ್ಲ. ನಮ್ಮಲ್ಲೂ ಸಿಇಟಿಯಲ್ಲಿ ಕ್ರೀಡಾ ಕೋಟಾ ಇಲ್ಲವೇ? ಐಐಟಿ ಮದ್ರಾಸ್ 2024ರಲ್ಲಿ ಕ್ರೀಡಾಪಟುಗಳಿಗೆ ಪ್ರತಿ ಕೋರ್ಸಿನಲ್ಲೂ ಎರಡು ಹೆಚ್ಚುವರಿ ಸೀಟು ತೆಗೆದಿಟ್ಟಾಗ ಎಲ್ಲರೂ ಮೆಚ್ಚಿಕೊಂಡರು. ಆದರೆ ಅಲ್ಲಿ ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಲೇಬೇಕು, ಪದಕ ನೋಡಿ ಪಟ್ಟಿ ಮಾಡುತ್ತಾರೆ, ಕೋಚ್‌ಗೆ ಯಾರು ಬೇಕು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಪ್ರೀ ರೀಡ್ ದಾಟಿದ ಮೇಲೆ ಕೋಚ್ ಒಬ್ಬನ ಮಾತೇ ಸೀಟು. ಹಾಗಾಗಿಯೇ ರಿಕ್ ಸಿಂಗರ್ ಎಂಬ ದಲ್ಲಾಳಿ ಕೋಚ್‌ಗಳ ಜೇಬಿಗೆ ದುಡ್ಡು ಹಾಕಿ, ಆಟವನ್ನೇ ಆಡದ ಮಕ್ಕಳನ್ನು ಆಟಗಾರರೆಂದು ಒಳಗೆ ಸೇರಿಸಲು ಸಾಧ್ಯವಾದದ್ದು. 2019ರ ಮಾರ್ಚ್‌ನಲ್ಲಿ ಹೊರಬಿದ್ದ ಆ ಹಗರಣದಲ್ಲಿ ಯೇಲ್, ಸ್ಟ್ಯಾನ್‌ಫರ್ಡ್, ಜಾರ್ಜ್‌ಟೌನ್ ಕೋಚ್‌ಗಳ ಹೆಸರು ಬಂತು, ಸಿಂಗರ್‌ಗೆ ಮೂರೂವರೆ ವರ್ಷ ಜೈಲಾಯಿತು.

ನನ್ನ ದೊಡ್ಡ ತಕರಾರು ಬೇರೆ. ರಿಯಾಯಿತಿ ಯಾವ ಆಟಗಳಿಗೆ ಎಂದು ನೋಡಿ. ಹಾರ್ವರ್ಡ್‌ನಲ್ಲಿ 42 ತಂಡಗಳಿವೆ. ಬಾಸ್ಕೆಟ್‌ಬಾಲ್, ಓಟ ಬಿಟ್ಟರೆ ಪಟ್ಟಿಯಲ್ಲಿ ರೋಯಿಂಗ್, ಸೇಲಿಂಗ್, ಸ್ಕ್ವಾಷ್, ಗಾಲ್ಫ್, ಫೆನ್ಸಿಂಗ್, ಸ್ಕೀಯಿಂಗ್, ವಾಟರ್ ಪೋಲೊ. ಬಡವರ ಮಕ್ಕಳು ಓದುವ ಎಷ್ಟು ಶಾಲೆಗಳಲ್ಲಿ ಇವುಗಳಿಗೆ ಜಾಗವಿದೆ? ಹಾರ್ವರ್ಡ್ ಕಡತಗಳನ್ನೇ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು 2019ರಲ್ಲಿ ಲೆಕ್ಕ ಹಾಕಿದರು. ಸೀಟು ಪಡೆದ ಬಿಳಿಯರಲ್ಲಿ ಶೇ. 43ಕ್ಕೂ ಹೆಚ್ಚು ಜನ ಒಂದೋ ಆಟಗಾರರು, ಇಲ್ಲ ಹಳೆಯ ವಿದ್ಯಾರ್ಥಿಗಳ ಮಕ್ಕಳು, ಇಲ್ಲ ದೇಣಿಗೆದಾರರ ಮಕ್ಕಳಂಥವರಿಗಾಗಿ ಇರುವ ಡೀನ್ ಪಟ್ಟಿಯಲ್ಲಿದ್ದವರು, ಇಲ್ಲ ಅಲ್ಲಿನ ಸಿಬ್ಬಂದಿಯ ಮಕ್ಕಳು. ಏಷ್ಯನ್, ಕಪ್ಪು ಮತ್ತು ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಶೇ. 16ನ್ನು ದಾಟಿರಲಿಲ್ಲ. ರಿಯಾಯಿತಿ ಆಟಕ್ಕೆ ಎಂದು ಹೆಸರು, ಸೇರುವುದು ಆಟ ಕಲಿಸಲು ದುಡ್ಡಿದ್ದವರಿಗೆ. ಹೀಗಿದ್ದರೂ ನಿಮ್ಮ ಮಗನ ಸೀಟನ್ನು ಆ ಲಕ್ರಾಸ್ ಹುಡುಗ ಕಿತ್ತುಕೊಂಡ ಎಂದು ಮನೆಯಲ್ಲಿ ಮಾತಾಡಬೇಡಿ. ಅವನು ಸ್ಪರ್ಧಿಸಿದ್ದು ಇನ್ನಿತರ ಲಕ್ರಾಸ್ ಹುಡುಗರ ಜೊತೆ. ಮಗನಿಗೆ ಡೆಫರ್ ಎಂದರೆ ತಿರಸ್ಕಾರವಲ್ಲ, ಅರ್ಧವಾರ್ಷಿಕ ಗ್ರೇಡು ಕಳಿಸಿ, ಡಿಸೆಂಬರ್ ನಂತರ ಆದ ಹೊಸದೇನಾದರೂ ಇದ್ದರೆ ಒಂದು ಪುಟದ ಪತ್ರ ಬರೆಯಲಿ. ಹತ್ತು ಶಿಫಾರಸು ಪತ್ರ ಕಳಿಸಬೇಡಿ, ಯಾರೂ ಓದುವುದಿಲ್ಲ.

ಮಗಳ ವಿಷಯ. ಕಾಲೇಜು ಸೀಟಿಗಾಗಿ ಫೆನ್ಸಿಂಗ್ ಬೇಡ. ಐವಿಯ ಎಂಟೂ ಕಾಲೇಜುಗಳಲ್ಲಿ ಆ ತಂಡ ಇದೆ ಎಂದೇನಲ್ಲ, ಉದಾಹರಣೆಗೆ ಡಾರ್ಟ್‌ಮತ್‌ನಲ್ಲಿ ಅದು ಬರೀ ಕ್ಲಬ್. ಇರುವ ಕಡೆ ಒಂದು ಆಯುಧಕ್ಕೆ (ಫೆನ್ಸಿಂಗ್‌ನಲ್ಲಿ ಮೂರು ಬಗೆಯ ಕತ್ತಿಗಳಿವೆ) ವರ್ಷಕ್ಕೆ ಒಬ್ಬಿಬ್ಬರನ್ನು ತೆಗೆದುಕೊಳ್ಳುತ್ತಾರೆ, ಅವರೂ ರಾಷ್ಟ್ರಮಟ್ಟದ ರ‍್ಯಾಂಕಿಂಗ್ ಇದ್ದವರು, ಬಹಳಷ್ಟು ಮಂದಿ ಎಂಟು ಒಂಬತ್ತನೇ ವಯಸ್ಸಿಗೇ ಕತ್ತಿ ಹಿಡಿದವರು. ನ್ಯೂಜೆರ್ಸಿಯಲ್ಲಂತೂ ಇದೇ ಯೋಚನೆಯಿಂದ ಬಂದ ಮಕ್ಕಳಿಂದ ಕ್ಲಬ್ಬುಗಳು ತುಂಬಿವೆ. ತಂಡವೇ ನಾಳೆ ಇರುತ್ತದೆ ಎಂಬ ಖಾತರಿಯೂ ಇಲ್ಲ: 2020ರ ಬೇಸಿಗೆಯಲ್ಲಿ ಸ್ಟ್ಯಾನ್‌ಫರ್ಡ್ ಫೆನ್ಸಿಂಗ್ ಸೇರಿ 11 ಆಟಗಳನ್ನು ನಿಲ್ಲಿಸುತ್ತೇವೆ ಎಂದು ಘೋಷಿಸಿ, ಕೂಗಾಟವೆದ್ದ ಮೇಲೆ 2021ರಲ್ಲಿ ಹಿಂದೆ ಸರಿಯಿತು. ಅವಳಿಗೆ ಕತ್ತಿವರಸೆ ಇಷ್ಟವಾದರೆ ಸೇರಿಸಿ, ಅದು ಬೇರೆ ಮಾತು. ಓಟ ಅಥವಾ ಈಜು ಇಷ್ಟವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಗಡಿಯಾರ ಸುಳ್ಳು ಹೇಳುವುದಿಲ್ಲ. ಕಾಲೇಜಿನ ತಂಡದವರ ಟೈಮಿಂಗ್ ಎಲ್ಲ ಇಂಟರ್ನೆಟ್‌ನಲ್ಲಿ ಇರುತ್ತದೆ, ಮಗಳ ಟೈಮಿಂಗ್ ಪಕ್ಕದಲ್ಲಿಟ್ಟು ನೋಡಿದರೆ ಕೋಚ್‌ಗೆ ಏನನ್ನಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಬಹುತೇಕ ಆಟಗಳಲ್ಲಿ ಕೋಚ್ ನೇರವಾಗಿ ಮಾತಾಡಬಹುದಾದದ್ದು ಹತ್ತನೇ ತರಗತಿ ಮುಗಿದ ಜೂನ್ 15ರಿಂದ, ಲಕ್ರಾಸ್‌ನಲ್ಲಿ ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರಿಂದ. ಅಲ್ಲಿಯವರೆಗೆ "ನಿಮ್ಮ ಮಗಳನ್ನು ಐವಿ ಕೋಚ್ ಕೇಳುತ್ತಿದ್ದಾರೆ" ಎಂದು ಹೇಳಿ ದುಡ್ಡು ಕೇಳುವ ಏಜೆಂಟರಿಗೆ ಬಾಗಿಲು ತೆಗೆಯಬೇಡಿ.

ಊರಲ್ಲಿರುವ ನಿಮ್ಮ ಅಣ್ಣತಮ್ಮಂದಿರ ಮಕ್ಕಳು ಇದೇ ಪ್ರಶ್ನೆ ಕೇಳಿದರೆ, ಭಾರತದಿಂದ ಈ ದಾರಿಯಲ್ಲಿ ಬಂದವರಿದ್ದಾರೆ ಎನ್ನಿ. ಸ್ಕ್ವಾಷ್‌ನ ರಮಿತ್ ಟಂಡನ್ ಕೊಲಂಬಿಯಾದಲ್ಲಿ ಓದಿದವರು, ಟೆನಿಸ್‌ನ ಸೋಮ್‌ದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದವರು. ಅಲ್ಲಿಯ ಮಕ್ಕಳಿಗೆ ಲೆಕ್ಕಕ್ಕೆ ಬರುವುದು 9ನೇ ತರಗತಿಯಿಂದ ಮುಂದಿನ ಅಂಕಪಟ್ಟಿಗಳು. ಟೂರ್ನಮೆಂಟು ಎಂದು 9ನೇ ತರಗತಿಯಲ್ಲಿ ಓದು ಬಿಟ್ಟು, ಎಸ್ಸೆಸ್ಸೆಲ್ಸಿಗೆ ಎದ್ದು ಕೂರುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಕೊನೆಗೆ, ಕೋಚ್ ಎದುರು ಕೂರುವ ದಿನ ಬಂದರೆ ಕೇಳಬೇಕಾದದ್ದನ್ನು ನಾಚಿಕೆಯಿಲ್ಲದೆ ಕೇಳಿ. ನನ್ನ ಪ್ರೀ ರೀಡ್ ಆಯಿತೇ, ಆಫೀಸು ಏನೆಂದಿತು? ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ, ಅಥವಾ ಬರೀ ಒಳ್ಳೆಯ ಮಾತು ಹೇಳುತ್ತೀರಾ? ಪಟ್ಟಿಯಲ್ಲಿದೆ ಎಂದಾದರೆ ಲೈಕ್ಲಿ ಲೆಟರ್ ಬರುತ್ತದೆಯೇ? ಎರಡನೆಯ ಪ್ರಶ್ನೆಗೆ ಸುತ್ತಿಬಳಸಿ ಉತ್ತರ ಬಂದರೆ "ಇಲ್ಲ" ಎಂದೇ ತಿಳಿಯಿರಿ. ಇನ್ನೊಂದು ಪ್ರಶ್ನೆಯನ್ನು ಕೋಚ್‌ಗೆ ಕೇಳಬೇಡಿ, ಉತ್ತರ ನಾನೇ ಹೇಳುತ್ತೇನೆ: ಐವಿ ಲೀಗ್‌ನಲ್ಲಿ ಮೊದಲ ವರ್ಷವೇ ತಂಡ ಬಿಟ್ಟರೂ ಸೀಟು ಹೋಗುವುದಿಲ್ಲ, ನೆರವಿನ ಹಣವೂ ಆಟಕ್ಕೆ ಕಟ್ಟಿಕೊಂಡದ್ದಲ್ಲವಾದ್ದರಿಂದ ನಿಲ್ಲುವುದಿಲ್ಲ.